ಬೊಂಬೆಯಾದ ವೀರವನಿತೆ

ಬೊಂಬೆಯೊಂದರ ಗುಣದೋಷಗಳನ್ನು ಈ ಪುಟದಲ್ಲಿ ವಿಮರ್ಶಿಸಬೇಕಾದ ಪ್ರಸಂಗವು ನಮಗೆ ಅಪರೂಪವಾಗಿ ಒದಗುತ್ತದೆ. ಪತ್ರಿಕೆಗೆ ಇದಕ್ಕಿಂತ ಗಹನವಾದ ಕೆಲಸಗಳಿಲ್ಲವೆ ಎಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಆದರೆ ಈಚೆಗೆ ನಮ್ಮ ಮಿತ್ರರೊಬ್ಬರು, ಸರ್ಕಾರದ ಸೇವೆಯಲ್ಲಿ ಬಹುಕಾಲವಿದ್ದು ಈಗ ವಿಶ್ರಾಂತಿವೇತನ ಪಡೆಯುತ್ತಿರುವವರು, ಒಂದು ಪೆಟ್ಟಿಗೆಯನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. “ಇದನ್ನು ಕೊಂಡದ್ದಕ್ಕೆ ಮನೆಯವರು ನಗುತ್ತಾರೆ. ನಗುವಂಥದೇನಾದರೂ ಇದರಲ್ಲಿದ್ದರೆ ನೀವೇ ಹೇಳಿಬಿಡಿ,” ಎಂದರು. ನಾವು ಅದನ್ನು ಎರಡು ವಾರ ನಮ್ಮ ಬಳಿಯಲ್ಲಿಟ್ಟುಕೊಂಡು ಪರೀಕ್ಷಿಸಿದೆವು. ನಗುವಂಥದು ಅದರಲ್ಲಿ ಹೆಚ್ಚಾಗಿ ಕಾಣಲಿಲ್ಲ. ಆಲೋಚಿಸತಕ್ಕದ್ದು ಬಹಳವಾಗಿ ಕಂಡಿತು. ಆದಕಾರಣ ಈ ಲೇಖನ.

ಪೆಟ್ಟಿಗೆಯೊಳಗಿರುವುದು ಒಬ್ಬ ಹೆಣ್ಣು ಸಿಪಾಯಿಯ ಬೊಂಬೆ. ಎರಡನೆಯ ಮಹಾಯುದ್ಧದ ಕಾಲದ ಸೋವಿಯತ್ ಸೇನೆಯ ಗುರಿಗಾರ್ತಿ. ಮರೆಯಲ್ಲಿದ್ದು ದೂರದ ಶತ್ರುವನ್ನು ಒಂದೊಂದೇ ಗುಂಡಿನಿಂದ ಹೊಡೆಯುವ, ಸ್ನೈಪರ್ ಎಂದು ಕರೆಯಲ್ಪಡುವ ಕೆಲಸದವಳು. ಬೊಂಬೆಯ ಪ್ರಮಾಣವು ನಿಜವಾದ ಮನುಷ್ಯರ ಆರನೆಯ ಒಂದು ಪಾಲು. ಎತ್ತರವು ಹನ್ನೊಂದು ಅಂಗುಲಕ್ಕೆ ಸ್ವಲ್ಪ ಕಡಿಮೆ. ಕೈಕಾಲುಗಳ ಕೀಲುಗಳೆಲ್ಲ ತಿರುಗುತ್ತವೆ. ಬದಲಾಯಿಸಿ ತೊಡಿಸಲು ಮೂರು ಜೊತೆ ಅಂಗೈಗಳೂ, ಹೊಲಿದ ಉಡುಪುಗಳೂ, ಕೋವಿಯೂ, ತೋಟಾಗಳ ಚೀಲವೂ ಇವೆ. ಬೆಲೆಯು ಒಂದು ಸಣ್ಣ ಸಂಸಾರದ ತಿಂಗಳ ದಿನಸಿಯ ಖರ್ಚನ್ನು ಸುಲಭವಾಗಿ ಮೀರುತ್ತದೆ. ಇದು ಮಕ್ಕಳಿಗಾಗಿ ಮಾಡಿದ ವಸ್ತುವಲ್ಲ. ವಯಸ್ಕರಾದ ಸಂಗ್ರಾಹಕರು ಗಾಜಿನ ಬೀರುವಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಪೆಟ್ಟಿಗೆಯ ಮೇಲೆ “ಸೋವಿಯತ್ ಗುರಿಗಾರ್ತಿ, ಸೆವಾಸ್ತೊಪೋಲ್, 1942” ಎಂಬ ಅರ್ಥದ ಬರಹವೂ, ಹಿಂಬದಿಯಲ್ಲಿ ದಪ್ಪ ಅಂಕಿಗಳಲ್ಲಿ 309 ಎಂಬ ಸಂಖ್ಯೆಯೂ ಇವೆ. ಹೆಸರು ಎಲ್ಲಿಯೂ ಇಲ್ಲ.

ವಯಸ್ಸಾದವರು ಬೊಂಬೆಯನ್ನು ಇಟ್ಟುಕೊಳ್ಳುವುದು ಹಾಸ್ಯಾಸ್ಪದವೆಂದು ನಾವು ಹೇಳಲಾರೆವು. ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳನ್ನು ಮೆಟ್ಟಿಲ ಮೇಲೆ ಜೋಡಿಸಿ, ನೆರೆಯವರನ್ನು ಕರೆದು, ಮಕ್ಕಳ ಕೈಯಲ್ಲಿ ಬಾಗಿನ ಕೊಡಿಸುವ ನಾಡು ನಮ್ಮದು. ಆದರೆ ಆ ಮೆಟ್ಟಿಲುಗಳ ಮುಂದೆ ನಿಂತ ಮಗುವು ಯಾವ ಬೊಂಬೆಯನ್ನು ತೋರಿಸಿ ಕೇಳಿದರೂ ಮನೆಯ ಅಜ್ಜಿಯು ಅದು ಯಾರು, ಏನು ಮಾಡಿದವರು ಎಂದು ಹೇಳಬಲ್ಲಳು. ಹೆಸರೂ ಕಥೆಯೂ ಇಲ್ಲದ ಬೊಂಬೆಗೆ ಆ ಸಾಲಿನಲ್ಲಿ ಸ್ಥಾನವಿಲ್ಲ. ನಮ್ಮ ಮಿತ್ರರ ಬೊಂಬೆಯನ್ನೂ ನಾವು ಆ ಅಜ್ಜಿಯ ಒರೆಗಲ್ಲಿನ ಮೇಲೆಯೇ ತಿಕ್ಕಿ ನೋಡಲು ಇಚ್ಛಿಸುತ್ತೇವೆ.

ಈ ಜಾತಿಯ ಬೊಂಬೆಗಳ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ತಿಳಿಸುವುದು ಯುಕ್ತ. ಅಮೆರಿಕದಲ್ಲಿ 1959ರಲ್ಲಿ ಬಾರ್ಬಿ ಎಂಬ ಹೆಣ್ಣು ಬೊಂಬೆಯು ಮಾರಾಟಕ್ಕೆ ಬಂದು ಯಶಸ್ವಿಯಾಯಿತು. ಗಂಡುಮಕ್ಕಳಿಗೂ ಅಂಥದೊಂದನ್ನು ಮಾರಬೇಕೆಂದು ಹ್ಯಾಸ್‌ಬ್ರೋ ಕಂಪೆನಿಯು 1964ರಲ್ಲಿ ಜಿ. ಐ. ಜೋ ಎಂಬ ಸಿಪಾಯಿಯನ್ನು ಹೊರಡಿಸಿತು. ಬೊಂಬೆಯೆಂದರೆ ಹುಡುಗರು ಮುಟ್ಟಲಾರರೆಂಬ ಅಂಜಿಕೆಯಿಂದ ಆ ಪದವನ್ನೇ ಕೈಬಿಟ್ಟು ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನು ಕಲ್ಪಿಸಿದರು. ಆ ಪುಟ್ಟ ಸೈನ್ಯಕ್ಕೆ 1967ರಲ್ಲಿ ಮೊದಲನೆಯ ಹೆಣ್ಣು ಸೇರಿದಳು; ಆಕೆ ದಾದಿ. ಹೆಣ್ಣಾದ್ದರಿಂದ ಹುಡುಗರೂ, ಸಿಪಾಯಿಯ ಸಾಲಿನವಳಾದ್ದರಿಂದ ಹುಡುಗಿಯರೂ ಕೊಳ್ಳಲಿಲ್ಲ. ಅಂದು ಬಿಕರಿಯಾಗದೆ ಉಳಿದ ಆ ದಾದಿಯನ್ನು ಇಂದು ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಹುಡುಕುತ್ತಾರೆ. ಬೊಂಬೆಯ ಪೇಟೆಯಲ್ಲಿಯೂ ಹೆಣ್ಣಿಗೆ ಕೋವಿ ಕೊಡುವುದಕ್ಕೆ ಜನರು ಎಷ್ಟು ಹಿಂದೆಗೆದರೆಂಬುದಕ್ಕೆ ಇದೊಂದು ನಿದರ್ಶನ.

ಪ್ರಕೃತ ಬೊಂಬೆಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಕಸಬುಗಾರಿಕೆಯು ಪ್ರಶಂಸಾರ್ಹವಾಗಿದೆ. ಕೋವಿಯನ್ನೇ ನೋಡೋಣ. ರಷ್ಯದ ಸೇನೆಯು 1891ರಲ್ಲಿ ಅಂಗೀಕರಿಸಿ 1930ರಲ್ಲಿ ತಿದ್ದಿಕೊಂಡ ಮೋಸಿನ್ ರೈಫಲು ಅದು. ನಿಜವಾದುದರ ಉದ್ದ 123 ಸೆಂಟಿಮೀಟರು. ಬೊಂಬೆಯ ಕೋವಿಯು ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೂವರೆ ಸೆಂಟಿಮೀಟರು ಇದೆ. ಸಾಮಾನ್ಯ ಸಿಪಾಯಿಯ ಮೋಸಿನ್ನಿನಲ್ಲಿ ಬೋಲ್ಟಿನ ಹಿಡಿಯು ನೇರವಾಗಿ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಗುರಿಗಾರನ ಕೋವಿಯಲ್ಲಿ ಮೇಲೆ ದುರ್ಬೀನು ಕುಳಿತಿರುವುದರಿಂದ, ಹಿಡಿಯನ್ನು ಎತ್ತುವಾಗ ಅದಕ್ಕೆ ತಗಲದಂತೆ ಕೆಳಕ್ಕೆ ಬಗ್ಗಿಸಿರುತ್ತಾರೆ. ಈ ಸೂಕ್ಷ್ಮವನ್ನು ತಯಾರಕರು ಮರೆತಿಲ್ಲ. ಆ ದುರ್ಬೀನಿನ ದೆಸೆಯಿಂದಲೇ ಐದು ತೋಟಾಗಳನ್ನು ಪಟ್ಟಿಯೊಡನೆ ಒಮ್ಮೆಗೇ ಒತ್ತಿ ತುಂಬಲು ಬರುವುದಿಲ್ಲ, ಒಂದೊಂದನ್ನೇ ಬೆರಳಿನಿಂದ ತುಂಬಬೇಕು. ಅದಕ್ಕೆ ಒಪ್ಪುವಂತೆ ಬಿಡಿ ತೋಟಾಗಳನ್ನೇ, ಗಸಗಸೆಗಿಂತ ಸ್ವಲ್ಪ ದೊಡ್ಡದಾದ ತಲೆಯವುಗಳನ್ನು, ಇಟ್ಟಿದ್ದಾರೆ. ಮಳೆಯಲ್ಲಿ ಮೈಗೂ ಇರುಳಿನಲ್ಲಿ ಡೇರೆಗೂ ಒದಗುವ, ನಮ್ಮ ರೈತರ ಕಂಬಳಿಯ ಕೊಪ್ಪೆಯನ್ನು ಹೋಲುವ ಹೊದಿಕೆಯೂ ಹದವಾಗಿ ಬಂದಿದೆ. ಸೊಂಟಪಟ್ಟಿಯ ಬಕ್ಕಲು ನಿಜವಾಗಿಯೂ ಬಿಚ್ಚಿ ಕಟ್ಟುವಂತಿದೆ.

ಇನ್ನು ದೋಷಗಳು. ಮೊದಲನೆಯದು ಇತಿಹಾಸದ ತಪ್ಪು. ಪೆಟ್ಟಿಗೆಯು 1942 ಎನ್ನುತ್ತದೆ. ಅಂಗಿಯ ಭುಜಗಳ ಮೇಲೆ ದರ್ಜೆಯ ಪಟ್ಟಿಗಳಿವೆ. ಕ್ರಾಂತಿಯಾದಮೇಲೆ ಸೋವಿಯತ್ ಸೇನೆಯು ಭುಜಪಟ್ಟಿಗಳನ್ನು ಜಾರ್ ಚಕ್ರವರ್ತಿಯ ಕಾಲದ ಗುರುತೆಂದು ತೆಗೆದುಹಾಕಿತ್ತು. ಅವು ಮರಳಿ ಬಂದದ್ದು 1943ರ ಜನವರಿಯಲ್ಲಿ. ಅಲ್ಲಿಯವರೆಗೆ ದರ್ಜೆಯ ಗುರುತು ಇರುತ್ತಿದ್ದುದು ಕೊರಳ ಪಟ್ಟಿಯ ಮೇಲೆ. ಎದೆಯ ಮೇಲಿನ ಚಿನ್ನದ ನಕ್ಷತ್ರವೂ ಹಾಗೆಯೇ. 309 ಎಂಬ ಸಂಖ್ಯೆಯು ಯಾರನ್ನು ಸೂಚಿಸುತ್ತದೆಯೋ ಆಕೆಗೆ ಆ ನಕ್ಷತ್ರವು ದೊರೆತದ್ದು 1943ರ ಅಕ್ಟೋಬರ್ 25ರಂದು. 1942ರ ಕದನದಲ್ಲಿ 1943ರ ಬಿರುದನ್ನು ಧರಿಸಿ ನಿಲ್ಲುವುದು ಯಾವ ವೀರರಿಗೂ ಸಾಧ್ಯವಿಲ್ಲ.

ಎರಡನೆಯದು ಇನ್ನೂ ಮುಖ್ಯವಾದುದು. ಈ ಬೊಂಬೆಯು ಬೋರಲಾಗಿ ಮಲಗಿ ಗುರಿಯಿಡಲಾರದು. ಕೊರಳಿನ ಕೀಲು ಹಿಂದಕ್ಕೆ ಸಾಕಷ್ಟು ಬಾಗುವುದಿಲ್ಲ; ನೆಲದ ಮೇಲೆ ಮಲಗಿಸಿದರೆ ಮುಖವು ಮಣ್ಣನ್ನು ನೋಡುತ್ತದೆ. ಗುರಿಗಾರ್ತಿಯ ಜೀವನವೆಲ್ಲ ಮಲಗಿಯೇ ಕಳೆಯತಕ್ಕದ್ದು: ನಾಲ್ಕು ಕಿಲೋಗ್ರಾಮಿಗೂ ಮೀರಿದ ಕೋವಿಯೊಡನೆ, ಹಿಮದಲ್ಲಿಯೋ ಕೆಸರಿನಲ್ಲಿಯೋ, ಗಂಟೆಗಟ್ಟಲೆ ಅಲುಗದೆ. ನಮ್ಮ ಬೊಂಬೆಯು ನಿಲ್ಲುವುದನ್ನು ಬಹು ಸೊಗಸಾಗಿ ನಿಲ್ಲುತ್ತದೆ. ಏಕೆಂದರೆ ಬೀರುವಿನಲ್ಲಿ ಅಂದವಾಗಿ ತೋರುವುದು ನಿಂತ ಭಂಗಿಯೇ. ಸೊಂಟವು ಸಹಜಕ್ಕಿಂತ ಸಣ್ಣದು. ಅಂಗಿಯು ಮೈಗೆ ಅಂಟುವಂತೆ ಹೊಲಿದದ್ದು. 1941ರಲ್ಲಿ ಸೇನೆಯನ್ನು ಸೇರಿದ ಸೋವಿಯತ್ ಹೆಂಗಸರಿಗೆ ಸಿಕ್ಕಿದ್ದು ಗಂಡಸರ ಅಳತೆಯ ದೊಗಲೆ ಅಂಗಿಗಳು, ಕಾಲಿಗೆ ಎರಡು ಅಳತೆ ದೊಡ್ಡದಾದ ಬೂಟುಗಳು. ಮುಖಕ್ಕೆ ಬಂದರೆ ತುಟಿಗೆ ಕೆಂಪು, ರೆಪ್ಪೆಗೆ ಕಪ್ಪು, ಕೆನ್ನೆಯಲ್ಲಿ ಒಂದು ಗೀರೂ ಇಲ್ಲ. ಈ ತುಟಿಯ ಕೆಂಪಿನ ವಿಷಯವಾಗಿಯೇ ನಾವು ಮುಂದೆ ಒಂದು ಮಾತನ್ನು ಹೇಳಬೇಕಾಗಿದೆ. ಅದಕ್ಕೆ ಮೊದಲು ಪೆಟ್ಟಿಗೆಯು ಹೇಳದ ಹೆಸರನ್ನು ಹೇಳೋಣ.

ಆಕೆಯ ಹೆಸರು ಲ್ಯುದ್ಮಿಲಾ ಪಾವ್ಲಿಚೆಂಕೊ. 1916ರ ಜುಲೈ 12ರಂದು ಉಕ್ರೇನಿನ ಬಿಲಾ ತ್ಸೆರ್ಕ್ವಾ ಎಂಬ ಊರಿನಲ್ಲಿ ಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಕುಟುಂಬವು ಕೀವ್ ನಗರಕ್ಕೆ ಬಂದಿತು. ಹದಿನಾರರಲ್ಲಿ ಮದುವೆ, 1932ರಲ್ಲಿ ಮಗ ರೊಸ್ತಿಸ್ಲಾವ್ ಹುಟ್ಟಿದ. ಸಂಸಾರವು ನಿಲ್ಲಲಿಲ್ಲ. ಆಕೆಯು ಕೀವಿನ ಆಯುಧಗಳ ಕಾರ್ಖಾನೆಯಲ್ಲಿ ಸಾಣೆಯ ಕೆಲಸಮಾಡುತ್ತ, ಸಂಜೆ ಓದುತ್ತ, ಗುರಿಕಟ್ಟುವ ಸಂಘದಲ್ಲಿ ಕೋವಿಯನ್ನು ಕಲಿತಳು. 1937ರಲ್ಲಿ ಕೀವ್ ವಿಶ್ವವಿದ್ಯಾನಿಲಯವನ್ನು ಸೇರಿ ಇತಿಹಾಸವನ್ನು ಅಭ್ಯಾಸಮಾಡಿದಳು. ಪ್ರಬಂಧಕ್ಕೆ ಆರಿಸಿಕೊಂಡ ವಿಷಯವು ಹದಿನೇಳನೆಯ ಶತಮಾನದ ಕೊಸಾಕ್ ನಾಯಕ ಬೊಹ್ದಾನ್ ಖ್ಮೆಲ್ನಿತ್ಸ್ಕಿ. 1941ರ ಜೂನ್ 22ರಂದು ಜರ್ಮನಿಯು ದಂಡೆತ್ತಿ ಬಂದಾಗ ಸೇನೆಗೆ ಹೆಸರು ಕೊಡಲು ಹೋದಳು. ಭರ್ತಿಯ ಅಧಿಕಾರಿಯು ದಾದಿಯ ಕೆಲಸವನ್ನು ತೋರಿಸಿದನು. ಇಪ್ಪತ್ತಾರು ವರ್ಷಗಳ ತರುವಾಯ ಅಮೆರಿಕದ ಬೊಂಬೆ ತಯಾರಕರಿಗೆ ಹೊಳೆದದ್ದೂ ಅದೇ ಕೆಲಸವೆಂಬುದನ್ನು ವಾಚಕರು ಗಮನಿಸಬೇಕು. ಆಕೆಯು ಒಪ್ಪದೆ, ಗುರಿಯ ಪ್ರಮಾಣಪತ್ರವನ್ನು ಮುಂದಿಟ್ಟು, 25ನೆಯ ಚಪಾಯೆವ್ ಡಿವಿಜನ್ನಿನಲ್ಲಿ ಸಿಪಾಯಿಯಾದಳು. ಮನೆಯಲ್ಲಿ ಒಂಬತ್ತು ವರ್ಷದ ಮಗನಿದ್ದನು.

ಒಡೆಸ್ಸ ನಗರದ ಮುತ್ತಿಗೆಯಲ್ಲಿ ಸುಮಾರು ಎರಡೂವರೆ ತಿಂಗಳು ಹೋರಾಡಿದಳು. 1941ರ ಅಕ್ಟೋಬರ್ ನಡುವಿನಲ್ಲಿ ಸೋವಿಯತ್ ಪಡೆಗಳು ಒಡೆಸ್ಸವನ್ನು ತೆರವುಮಾಡಿ ಹಡಗೇರಿ ಸೆವಾಸ್ತೊಪೋಲಿಗೆ ಹೋದವು, ಆಕೆಯೂ ಹೋದಳು. ಆ ತಿಂಗಳು ಮುಗಿಯುವುದರೊಳಗಾಗಿ, ಒಡೆಸ್ಸವನ್ನು ಹಿಡಿದ ರುಮೇನಿಯದ ಸೈನ್ಯವು ಜರ್ಮನರ ನೆರವಿನೊಡನೆ ಆ ಊರಿನ ಯೆಹೂದ್ಯರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಗುಂಡಿಟ್ಟೂ ಸುಟ್ಟೂ ಕೊಂದಿತು. 309 ಎಂಬ ಅಂಕಿಯನ್ನು ಓದುವವರು ಇದನ್ನೂ ಓದಬೇಕು. ಸೋವಿಯತ್ ಸರ್ಕಾರದ ಲೆಕ್ಕದಂತೆ ಆಕೆಯ ಗುಂಡಿಗೆ ಬಿದ್ದವರು 309 ಮಂದಿ. ಅವರಲ್ಲಿ ಮೂವತ್ತಾರು ಮಂದಿ ಆಕೆಯಂತೆಯೇ ಗುರಿಗಾರರು. ಯುದ್ಧಕಾಲದ ಸರ್ಕಾರಗಳು ಪ್ರಚಾರಕ್ಕಾಗಿ ಕೊಡುವ ಲೆಕ್ಕಗಳನ್ನು ಪರಿಶೀಲಿಸದೆ ಒಪ್ಪಬೇಕಾಗಿಲ್ಲ. ಈ ಸಂಖ್ಯೆಯನ್ನೂ ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆಕೆಯು ನಾಲ್ಕು ಸಲ ಗಾಯಗೊಂಡದ್ದೂ, 1942ರ ಜೂನ್ ತಿಂಗಳಲ್ಲಿ ಸಿಡಿಗುಂಡಿನ ಚೂರುಗಳು ಮುಖಕ್ಕೆ ತಗುಲಿದ ಮೇಲೆ ಆಕೆಯನ್ನು ಸೆವಾಸ್ತೊಪೋಲಿನಿಂದ ಸಾಗಿಸಿದ್ದೂ ಆಕೆಯ ಚರಿತ್ರೆಯ ಭಾಗ. ಬೊಂಬೆಯ ಪೆಟ್ಟಿಗೆಯು ಸಂಖ್ಯೆಯನ್ನು ಇಟ್ಟುಕೊಂಡು ಗಾಯವನ್ನು ಬಿಟ್ಟಿದೆ.

ಅದೇ 1942ರ ಆಗಸ್ಟಿನ ಕೊನೆಯಲ್ಲಿ ಸೋವಿಯತ್ ಸರ್ಕಾರವು ಆಕೆಯನ್ನು ಅಮೆರಿಕಕ್ಕೆ ಕಳುಹಿಸಿತು. ಪಶ್ಚಿಮ ಯೂರೋಪಿನಲ್ಲಿ ಎರಡನೆಯ ರಣರಂಗವನ್ನು ತೆರೆಯಬೇಕೆಂದು ಅಲ್ಲಿನ ಜನರನ್ನು ಒಪ್ಪಿಸುವುದು ಉದ್ದೇಶ. ಅಧ್ಯಕ್ಷ ರೂಸ್‌ವೆಲ್ಟರು ಶ್ವೇತಭವನದಲ್ಲಿ ಬರಮಾಡಿಕೊಂಡರು. ಅವರ ಪತ್ನಿ ಎಲೀನರ್ ರೂಸ್‌ವೆಲ್ಟರು ಆಕೆಯನ್ನು ದೇಶದಲ್ಲೆಲ್ಲ ಸಂಚರಿಸಲು ಆಹ್ವಾನಿಸಿದರು. ಆದರೆ ನಮ್ಮ ವೃತ್ತಿಬಾಂಧವರಾದ ಅಲ್ಲಿನ ಬಾತ್ಮೀದಾರರು ಕೇಳಿದ ಪ್ರಶ್ನೆಗಳನ್ನು ನೆನೆದರೆ ನಮಗೆ ನಾಚಿಕೆಯಾಗುತ್ತದೆ. ರಣರಂಗದಲ್ಲಿ ಹೆಂಗಸರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳಬಹುದೆ ಎಂದು ಒಬ್ಬರು; ಲಂಗದ ಉದ್ದ ಹೆಚ್ಚಾಯಿತಲ್ಲ, ಈ ಸಮವಸ್ತ್ರದಲ್ಲಿ ದಪ್ಪವಾಗಿ ಕಾಣುತ್ತೀರಲ್ಲ ಎಂದು ಮತ್ತೊಬ್ಬರು. ಹಚ್ಚಿಕೊಳ್ಳಬಾರದೆಂಬ ನಿಯಮವೇನೂ ಇಲ್ಲ, ಆದರೆ ಕದನ ನಡೆಯುತ್ತಿರುವಾಗ ಮೂಗಿನ ಹೊಳಪನ್ನು ಚಿಂತಿಸಲು ಯಾರಿಗೆ ಬಿಡುವಿದೆ ಎಂಬರ್ಥದ ಉತ್ತರವನ್ನು ಆಕೆ ಕೊಟ್ಟಳು. ಮುಂದೆ ಶಿಕಾಗೊ ನಗರದ ಸಭೆಯಲ್ಲಿ, ತನಗೆ ಇಪ್ಪತ್ತೈದು ವರ್ಷವೆಂದೂ, 309 ಆಕ್ರಮಣಕಾರರನ್ನು ಕೊಂದಿರುವೆನೆಂದೂ ಹೇಳಿ, ನೆರೆದಿದ್ದ ಮಹನೀಯರು ತನ್ನ ಬೆನ್ನಿನ ಮರೆಯಲ್ಲಿ ಬಹುಕಾಲ ಅಡಗಿದ್ದಾಯಿತಲ್ಲವೆ ಎಂದು ಕೇಳಿದಳೆಂದು ಪ್ರಸಿದ್ಧವಾಗಿದೆ. ಎರಡನೆಯ ರಣರಂಗವು ಫ್ರಾನ್ಸಿನ ನಾರ್ಮಂಡಿಯಲ್ಲಿ ತೆರೆದದ್ದು 1944ರ ಜೂನ್ 6ರಂದು.

ಈಗ ಬೊಂಬೆಯ ತುಟಿಯ ಬಣ್ಣಕ್ಕೆ ಮರಳೋಣ. ಮುಖಕ್ಕೆ ಬಣ್ಣ, ಸಮವಸ್ತ್ರದ ಅಂದ, ಮೈಯ ಅಳತೆ: ಈ ಮೂರನ್ನು ಕುರಿತು ಬಾತ್ಮೀದಾರರು 1942ರಲ್ಲಿ ಪ್ರಶ್ನೆ ಕೇಳಿದರು, ಆಕೆಯು ಉತ್ತರವನ್ನೂ ಹೇಳಿದಳು. ಎಂಬತ್ತು ವರ್ಷಗಳು ಕಳೆದ ತರುವಾಯ ಬೊಂಬೆಯನ್ನು ಮಾಡಿದವರು ಆ ಉತ್ತರವನ್ನು ಕೇಳಿಯೇ ಇಲ್ಲದವರಂತೆ ತುಟಿಗೆ ಕೆಂಪು ಬಳಿದು, ಅಂಗಿಯನ್ನು ಬಿಗಿಮಾಡಿ, ಸೊಂಟವನ್ನು ಸಣ್ಣಗೆ ಮಾಡಿದ್ದಾರೆ. ಬೋಲ್ಟಿನ ಹಿಡಿಯು ಎತ್ತ ಬಗ್ಗಿರಬೇಕೆಂದು ವಿಚಾರಿಸಿದವರಿಗೆ ಆ ಹಿಡಿಯನ್ನು ಎಳೆದವಳ ಮುಖ ಹೇಗಿತ್ತೆಂದು ವಿಚಾರಿಸಲು ತೋರಲಿಲ್ಲ. ಆಕೆಯ ಛಾಯಾಚಿತ್ರಗಳು ದುರ್ಲಭವಲ್ಲ. 1943ರಲ್ಲಿಯೂ 1976ರಲ್ಲಿಯೂ ಸೋವಿಯತ್ ಅಂಚೆ ಚೀಟಿಗಳ ಮೇಲೆ ಆಕೆಯ ಚಿತ್ರವು ಅಚ್ಚಾಗಿದೆ. ದುಂಡು ಮುಖ, ಕಟ್ಟುಮಸ್ತಾದ ಮೈ, ದಣಿದ ಕಣ್ಣುಗಳು. ಆಯುಧದಲ್ಲಿ ಪ್ರಾಮಾಣಿಕತೆ, ಮನುಷ್ಯಳಲ್ಲಿ ಕಲ್ಪನೆ: ಇದು ಈ ಬೊಂಬೆಯ ಮೂಲದೋಷವೆಂದು ನಮ್ಮ ಅಭಿಪ್ರಾಯ. ಚಲಚ್ಚಿತ್ರಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಚೌಕದ ಪ್ರತಿಮೆಗಳಲ್ಲಿ ಎಲ್ಲೆಲ್ಲಿ ವೀರಸ್ತ್ರೀಯರನ್ನು ಸ್ಮರಿಸುವರೋ ಅಲ್ಲೆಲ್ಲ ಇದೇ ದೋಷವು ತಲೆದೋರುವುದುಂಟು.

ಯುದ್ಧಾನಂತರ ಆಕೆಯು ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಮುಗಿಸಿ ಇತಿಹಾಸಕಾರ್ತಿಯಾಗಿ ಕೆಲಸ ಮಾಡಿದಳು. ಎಲೀನರ್ ರೂಸ್‌ವೆಲ್ಟರು 1957ರಲ್ಲಿ ಮಾಸ್ಕೋ ನಗರಕ್ಕೆ ಬಂದಾಗ ಹಳೆಯ ಗೆಳತಿಯನ್ನು ಆಕೆಯ ಮನೆಯಲ್ಲಿ ಕಂಡರು. 1974ರ ಅಕ್ಟೋಬರ್ 10ರಂದು ಆಕೆಯು ತೀರಿಕೊಂಡಳು. ಆಕೆಯ ಜೀವನವನ್ನು ಕುರಿತು ರಷ್ಯ ಮತ್ತು ಉಕ್ರೇನ್ ದೇಶಗಳವರು ಕೂಡಿ ತಯಾರಿಸಿದ ಚಲಚ್ಚಿತ್ರವು 2015ರಲ್ಲಿ ಎರಡು ದೇಶಗಳಲ್ಲಿ ಎರಡು ಬೇರೆ ಹೆಸರುಗಳಿಂದ ತೆರೆಕಂಡಿತು. ಅಷ್ಟರಲ್ಲಿಯೇ ಅವುಗಳ ನಡುವೆ ವೈರ ಮೊಳೆತಿತ್ತು. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣ ದಂಡಯಾತ್ರೆಯನ್ನೇ ಕೈಕೊಂಡಿತು. ಉಕ್ರೇನಿನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಮಣ್ಣಾದ ಹೆಂಗಸು ಈಗ ಯಾರವಳು? ಸತ್ತ ವೀರರ ಕೀರ್ತಿಯನ್ನು ಹಂಚಿಕೊಳ್ಳುವಾಗ ರಾಷ್ಟ್ರಗಳು ಅಣ್ಣತಮ್ಮಂದಿರ ಪಾಲುಪಟ್ಟಿಗಿಂತ ಕಟುವಾಗಿ ನಡೆಯುತ್ತವೆ.

ಆಕೆಯೊಬ್ಬಳೇ ಇದ್ದಳೆಂದೂ ವಾಚಕರು ಭಾವಿಸಬಾರದು. 1943ರಲ್ಲಿ ಮಾಸ್ಕೋದ ಸಮೀಪದಲ್ಲಿ ಹೆಂಗಸರಿಗೆಂದೇ ಗುರಿಗಾರಿಕೆಯ ಒಂದು ಕೇಂದ್ರ ಶಾಲೆಯು ಸ್ಥಾಪಿತವಾಗಿ, ಯುದ್ಧ ಮುಗಿಯುವುದರೊಳಗೆ ಸಾವಿರಕ್ಕೂ ಹೆಚ್ಚು ಗುರಿಗಾರ್ತಿಯರನ್ನು ತಯಾರುಮಾಡಿತು. ಅವರಲ್ಲಿ ರೋಜಾ ಶಾನಿನಾ ಒಬ್ಬಳು. 1924ರ ಏಪ್ರಿಲಿನಲ್ಲಿ ಹುಟ್ಟಿದ ಈ ಹುಡುಗಿಯು ಉತ್ತರದ ಅರ್ಖಾಂಗೆಲ್ಸ್ಕ್ ಪಟ್ಟಣದ ಶಿಶುವಿಹಾರದಲ್ಲಿ ಉಪಾಧ್ಯಾಯಿನಿಯಾಗಿದ್ದಳು. ಬೊಂಬೆಗಳ ನಡುವೆ ಚಿಕ್ಕಮಕ್ಕಳನ್ನು ಆಡಿಸುವುದು ಆಕೆಯ ಉದ್ಯೋಗ. ರಣರಂಗದಲ್ಲಿ ಗುಟ್ಟಾಗಿ ದಿನಚರಿ ಬರೆದಿಟ್ಟಳು. 1945ರ ಜನವರಿಯಲ್ಲಿ ಪೂರ್ವ ಪ್ರಷ್ಯದಲ್ಲಿ, ಗಾಯಗೊಂಡ ಅಧಿಕಾರಿಯೊಬ್ಬನಿಗೆ ತನ್ನ ಮೈಯನ್ನೇ ಮರೆಮಾಡಿ ಸತ್ತಾಗ ಆಕೆಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಇವೆಲ್ಲ ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಅದೇ 1943ರಲ್ಲಿ ಸಿಂಗಪುರದಲ್ಲಿ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಫೌಜಿನ ಅಂಗವಾಗಿ ಝಾನ್ಸಿ ರಾಣಿಯ ಹೆಸರಿನ ಮಹಿಳಾ ದಳವನ್ನು ಕಟ್ಟಿದರು. ಅದರ ನಾಯಕಿ ಡಾಕ್ಟರ್ ಲಕ್ಷ್ಮಿಯವರು. ದಳದಲ್ಲಿದ್ದವರಲ್ಲಿ ಬಹುಮಂದಿ ಮಲಯದ ರಬ್ಬರು ತೋಟಗಳ ಕೂಲಿಗಳ ಮನೆಯ ಹೆಣ್ಣುಮಕ್ಕಳು. ಭಾರತದ ನೆಲವನ್ನೇ ಕಾಣದೆ ಭಾರತಕ್ಕಾಗಿ ಕೋವಿ ಹಿಡಿದವರು. ಅಹಿಂಸೆಯ ಮಾರ್ಗವನ್ನು ಶ್ರೇಷ್ಠವೆಂದು ನಂಬಿದವರೂ ಆ ಹೆಣ್ಣುಮಕ್ಕಳ ತ್ಯಾಗಕ್ಕೆ ತಲೆಬಾಗಿದ್ದಾರೆ. ಅವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ವಾಚಕರಿಗೆ ತಿಳಿದಿದೆ? ನಾಳೆ ಯಾವನಾದರೂ ವರ್ತಕನು ಅವರ ಬೊಂಬೆಯನ್ನು ಮಾಡಿ, ತುಟಿಗೆ ಕೆಂಪು ಬಳಿದು, ಹೆಸರಿಲ್ಲದ ಪೆಟ್ಟಿಗೆಯಲ್ಲಿಟ್ಟು ಮಾರಿದರೆ ನಮಗೆ ಸಿಟ್ಟು ಬರುವುದು ನಿಶ್ಚಯ. ಆದರೆ ಹೆಸರನ್ನು ನಾವೇ ಮರೆತಿದ್ದರೆ ವರ್ತಕನನ್ನು ಬಯ್ಯುವ ಅಧಿಕಾರವು ನಮಗೆ ಎಲ್ಲಿಂದ ಬರಬೇಕು?

ಇನ್ನು ತೀರ್ಪು. ಕಸಬುಗಾರಿಕೆಯನ್ನು ಮೆಚ್ಚುವವರು ಈ ಬೊಂಬೆಯನ್ನು ಕೊಳ್ಳಬಹುದು. ಕೋವಿಗೂ ಹೊದಿಕೆಗೂ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಇತಿಹಾಸವನ್ನು ಮೆಚ್ಚುವವರು ಭುಜಪಟ್ಟಿಗಳನ್ನು ಬಿಚ್ಚಿ, ನಕ್ಷತ್ರವನ್ನು ತೆಗೆದಿಟ್ಟು, ಆಮೇಲೆ ಬೀರುವಿನಲ್ಲಿಡಲಿ. ಎರಡೂ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ತಯಾರಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮುಂದಿನ ಸಲ ಕೊರಳಿನ ಕೀಲನ್ನು ಸರಿಪಡಿಸಿರಿ, ಅಂಗಿಯನ್ನು ದೊಗಲೆಯಾಗಿ ಹೊಲಿಯಿರಿ, ಪೆಟ್ಟಿಗೆಯ ಮೇಲೆ ಸಂಖ್ಯೆಯನ್ನು ಸಣ್ಣದಾಗಿಯೂ ಹೆಸರನ್ನು ದೊಡ್ಡದಾಗಿಯೂ ಅಚ್ಚುಹಾಕಿಸಿರಿ.

ಬೊಂಬೆಯನ್ನು ಹಿಂದಿರುಗಿಸುವಾಗ ಈ ಮಾತುಗಳನ್ನೆಲ್ಲ ನಮ್ಮ ಮಿತ್ರರಿಗೆ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಮೇಜಿನ ಮೇಲಿದ್ದ ಒಂದು ಚೀಟಿಯನ್ನು ತೆಗೆದುಕೊಂಡು, ಕಚೇರಿಯ ದಫ್ತರದಲ್ಲಿ ಬರೆಯುತ್ತಿದ್ದ ದುಂಡಗಿನ ಅಕ್ಷರಗಳಲ್ಲಿ “ಲ್ಯುದ್ಮಿಲಾ ಪಾವ್ಲಿಚೆಂಕೊ, 1916–1974, ಇತಿಹಾಸದ ವಿದ್ಯಾರ್ಥಿನಿ” ಎಂದು ಬರೆದುಕೊಂಡರು. ಈ ನವರಾತ್ರಿಗೆ ಬೊಂಬೆಯನ್ನು ಚೀಟಿಯೊಡನೆ ಕೆಳಗಿನ ಮೆಟ್ಟಿಲಿನಲ್ಲಿ ಇಡುವುದಾಗಿಯೂ, ಮೊಮ್ಮಕ್ಕಳು ಕೇಳಿದರೆ ಹೇಳುವುದಕ್ಕೆ ಈಗ ಕಥೆಯಿದೆಯೆಂದೂ ಹೇಳಿ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದರು.